ನಾಂದೇಡಿನ ಹುಜೂರರ ಸನ್ನಿಧಾನಕ್ಕೆ ಬೀದರಿನವನ ಅರ್ಜಿ

ಪರಮಪೂಜ್ಯರೂ, ಸಕಲ ಪ್ಲಾಟ್‌ಫಾರ್ಮ್ ಸಂಪನ್ನರೂ, ವಿಭಾಗೀಯ ಕೇಂದ್ರವೆಂಬ ಬಿರುದುಳ್ಳವರೂ ಆದ ಹುಜೂರ್ ಸಾಹಿಬ್ ನಾಂದೇಡ್ ರೈಲು ನಿಲ್ದಾಣದವರ ದಿವ್ಯ ಸನ್ನಿಧಾನಕ್ಕೆ, ಬೀದರಿನ ಒಬ್ಬ ಸಾಮಾನ್ಯ ಪ್ರಯಾಣಿಕ ಮಾಡಿಕೊಳ್ಳುವ ಸಲಾಮುಗಳು.

ಇತ್ತ ನಾವು ಕ್ಷೇಮ. ತಮ್ಮ ಕ್ಷೇಮ ವಿಚಾರಿಸಲು ಅಮೃತಸರದಿಂದ ಶ್ರೀಗಂಗಾನಗರದವರೆಗೆ ಜನ ಇದ್ದಾರೆ, ಆದ್ದರಿಂದ ನಾನು ಬೇರೆ ಕೇಳಿ ತಮ್ಮ ವೇಳೆ ಕೆಡಿಸುವುದಿಲ್ಲ. ಮೊದಲು ನನ್ನ ಪರಿಚಯ ಹೇಳಿಕೊಳ್ಳಬೇಕು. ತಾವು ನಮ್ಮನ್ನು ಗುರುತು ಹಿಡಿಯುತ್ತೀರೆಂಬ ಭರವಸೆ ಇಲ್ಲ. ನಕಾಶೆಯ ಮೇಲೆ ತಮ್ಮ ಊರಿನ ಹೆಸರಿಗೆ ಬೆರಳಿಟ್ಟು ಸೀದಾ ಕೆಳಗೆ ಎಳೆಯಿರಿ. ಬೆರಳು ನಡುಗದಿದ್ದರೆ ನಮ್ಮ ಊರು ಸಿಗುತ್ತದೆ. ನಡುವೆ ಸಮುದ್ರವಿಲ್ಲ, ಹಿಮಾಲಯವಿಲ್ಲ. ನಾಯಗಾಂವ ಇದೆ, ದೇಗಲೂರ ಇದೆ, ನಮ್ಮ ಔರಾದ ಇದೆ, ಮಾಂಜ್ರಾ ನದಿ ಇದೆ, ಮಿಕ್ಕಿದ್ದು ತೊಗರಿ ಹೊಲ. ಇಷ್ಟನ್ನು ದಾಟುವುದು ಭಾರತೀಯ ರೈಲ್ವೆಗೆ ಇನ್ನೂ ಸಾಧ್ಯವಾಗಿಲ್ಲ ಎಂಬುದೇ ಈ ಅರ್ಜಿಯ ವಿಷಯ. ಆದರೆ ದೊಡ್ಡವರ ಮುಂದೆ ಬಂದ ಕೂಡಲೇ ವಿಷಯಕ್ಕೆ ಬರುವುದು ನಮ್ಮ ಕಡೆಯ ದಸ್ತೂರ್ ಅಲ್ಲ. ಮೊದಲು ತಮ್ಮ ಗುಣಗಾನ ಆಗಲಿ.

ತಮ್ಮ ಊರಿನ ಹಿರಿಮೆ ನಮಗೆ ಚೆನ್ನಾಗಿ ಗೊತ್ತು. ಗುರು ಗೋವಿಂದ ಸಿಂಗರು 1708ರಲ್ಲಿ ದೇಹ ಬಿಟ್ಟದ್ದು ತಮ್ಮಲ್ಲಿ, ಗೋದಾವರಿಯ ದಂಡೆಯ ಮೇಲೆ. ಇನ್ನು ಮುಂದೆ ಗ್ರಂಥವೇ ಗುರು ಎಂದು ಅವರು ಹೇಳಿದ್ದೂ ಅಲ್ಲಿಯೇ. ಸಿಖ್ಖರ ಐದು ತಖ್ತುಗಳಲ್ಲಿ, ಅಂದರೆ ಪೀಠಗಳಲ್ಲಿ, ಒಂದಾದ ಹುಜೂರ್ ಸಾಹಿಬ್ ಅಲ್ಲಿದೆ. ಅದನ್ನು ಮಹಾರಾಜಾ ರಣಜಿತ್ ಸಿಂಗರು ಲಾಹೋರಿನಲ್ಲಿ ಕೂತು, ದಖ್ಖನಿನ ನಿಜಾಮರ ಸೀಮೆಯಲ್ಲಿ, 1832ರಿಂದ 1837ರೊಳಗೆ ಕಟ್ಟಿಸಿ ಮುಗಿಸಿದರು. ಆಗ ಈ ದೇಶದಲ್ಲಿ ಪ್ರಯಾಣಿಕರ ರೈಲು ಇರಲಿಲ್ಲ. ಪ್ರಾಯಶಃ ಅದಕ್ಕೇ ಐದು ವರ್ಷದಲ್ಲಿ ಮುಗಿಯಿತು.

ಇಂಥ ಊರಿನ ನಿಲ್ದಾಣ ಬರೀ ನಾಂದೇಡ್ ಎಂದು ಕರೆಸಿಕೊಂಡರೆ ಹೇಗೆ? ಮುಂದೆ ಹುಜೂರ್ ಸಾಹಿಬ್ ಸೇರಿತು. ನಮಗೆಲ್ಲ ಸಂತೋಷವೇ. ಟಿಕೆಟ್ ಕೊಡುವ ಗಣಕಯಂತ್ರ ಮಾತ್ರ ತಮ್ಮನ್ನು ಇಂದಿಗೂ ಎನ್‌ಇಡಿ ಎಂದು ಏಕವಚನದಲ್ಲಿ ಕರೆಯುತ್ತದೆ. ಅದರ ಉದ್ಧಟತನವನ್ನು ತಾವು ಹೊಟ್ಟೆಗೆ ಹಾಕಿಕೊಂಡಿದ್ದೀರಿ. ಅದೇ ಹೊಟ್ಟೆಯಲ್ಲಿ ನನ್ನ ಈ ಪತ್ರಕ್ಕೂ ಜಾಗ ಸಿಗಬಹುದೆಂಬ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

ತಮ್ಮ ಔದಾರ್ಯದ ಮಾತು ಬಂದರೆ ಸಚ್‌ಖಂಡ್ ಎಕ್ಸ್‌ಪ್ರೆಸ್ಸಿನಿಂದಲೇ ಶುರು ಮಾಡಬೇಕು. ತಮ್ಮ ಅಂಗಳದಿಂದ ಹೊರಟು ಮನಮಾಡ್, ಭುಸಾವಳ, ಭೋಪಾಲ್, ಝಾನ್ಸಿ, ದಿಲ್ಲಿ, ಅಂಬಾಲಾ, ಲುಧಿಯಾನ ದಾಟಿ ಅಮೃತಸರ ಮುಟ್ಟುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಆ ಗಾಡಿಯಲ್ಲಿ ಹೋಗುವವರು ಬುತ್ತಿಯ ಚಿಂತೆ ಮಾಡುವುದಿಲ್ಲ. ತಾಟು, ಲೋಟ ಮನೆಯಿಂದ ತಂದಿರುತ್ತಾರೆ. ದಾರಿಯ ನಿಲ್ದಾಣಗಳಲ್ಲಿ ಸಿಖ್ ಸೇವಾದಾರರು ಬಕೆಟ್ ಹಿಡಿದು ಕಾದಿರುತ್ತಾರೆ. ದಾಲ್, ಅನ್ನ, ಕಢಿ, ಪಲ್ಯ ಬಡಿಸುತ್ತಾರೆ, ಹಣ ಕೊಡುತ್ತೇನೆಂದರೂ ತೆಗೆದುಕೊಳ್ಳುವುದಿಲ್ಲ. ಸ್ಲೀಪರಿನವನಿಗೂ ಎಸಿ ಬೋಗಿಯವನಿಗೂ ಒಂದೇ ಸೌಟು. ಇದರಲ್ಲಿ ರೈಲ್ವೆ ಇಲಾಖೆಯ ಒಂದು ಕಾಳು ಬೇಳೆಯೂ ಇಲ್ಲ ಎಂಬುದನ್ನು ಎತ್ತಿ ಆಡಬಾರದು. ಕೊಡುವವರು ದಾರಿಯ ಊರಿನವರು, ಉಣ್ಣುವವರು ಪ್ರಯಾಣಿಕರು, ಹೆಸರು ಮಾತ್ರ ಗಾಡಿಯದು. ಪುಣ್ಯ ಸಂಪಾದನೆಯ ಇಷ್ಟು ಅಗ್ಗದ ಮಾರ್ಗವನ್ನು ಬೇರೆ ಯಾವ ಇಲಾಖೆಯೂ ಕಂಡುಕೊಂಡಿಲ್ಲ.

ಅಮೃತಸರದ ಜತೆಗೆ ಶ್ರೀಗಂಗಾನಗರ, ಜಮ್ಮು, ಹಿಮಾಚಲದ ಅಂಬ್ ಅಂದೌರಾ. ಅದು ಎಲ್ಲಿದೆ ಎಂದು ಬೀದರಿನಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಮುಖ ನೋಡುತ್ತಾರೆ, ಆದರೂ ಅಲ್ಲಿಗೆ ತಮ್ಮಿಂದ ಗಾಡಿ ಇದೆ. ಮುಂಬೈಗೆ ಹೋಗುವ ವಂದೇ ಭಾರತ್ ಜಾಲ್ನಾದಲ್ಲೇ ತೃಪ್ತಿಯಿಂದ ನಿಂತಿತ್ತು, ಅದನ್ನೂ 2025ರಲ್ಲಿ ತಮ್ಮ ಪಾದದವರೆಗೆ ಕರೆಸಿಕೊಂಡಿರಿ. ದೂರದವರ ಮೇಲೆ ಇಷ್ಟು ಪ್ರೀತಿ ಇರುವವರಿಗೆ ಪಕ್ಕದ ಮನೆಯವರು ಕಣ್ಣಿಗೆ ಬೀಳದಿದ್ದರೆ ಅದು ಸಹಜ. ದೂರದೃಷ್ಟಿ ಎಂದರೆ ಇದೇ ಇರಬೇಕು.

ಹಾಗೆಂದು ತಾವು ನಮಗೆ ಏನನ್ನೂ ಕೊಟ್ಟಿಲ್ಲ ಎಂದರೆ ನಾಲಿಗೆ ಬಿದ್ದೀತು. ಬೆಂಗಳೂರಿನಿಂದ ಹೊರಟು ತಮ್ಮಲ್ಲಿಗೆ ಬರುವ ಗಾಡಿ ನಮ್ಮ ಊರಿನ ಮೇಲೆಯೇ ಹಾಯುತ್ತದೆ. ನಮ್ಮವರು ಅದನ್ನು ಪ್ರೀತಿಯಿಂದ ನಾಂದೇಡ್ ಗಾಡಿ ಎನ್ನುತ್ತಾರೆ, ಬೆಂಗಳೂರಿಗೆ ಹೋಗುವಾಗಲೂ ನಾಂದೇಡ್ ಗಾಡಿಯನ್ನೇ ಹತ್ತುತ್ತಾರೆ. ಅದು ಬೀದರ್ ಬಿಟ್ಟ ಮೇಲೆ ಹಿಡಿಯುವ ದಾರಿಯನ್ನು ತಮ್ಮ ಸನ್ನಿಧಾನದಲ್ಲಿ ಒಮ್ಮೆ ಪಾರಾಯಣ ಮಾಡುತ್ತೇನೆ, ಕೃಪೆಯಿಟ್ಟು ಆಲಿಸಬೇಕು.

ತಾವು ಇರುವುದು ನಮ್ಮ ಉತ್ತರಕ್ಕೆ. ಗಾಡಿ ಹೊರಡುವುದು ವಾಯವ್ಯಕ್ಕೆ. ಭಾಲ್ಕಿ, ಕಮಲನಗರ, ಉದಗೀರ. ಆಮೇಲೆ ಲಾತೂರ್ ರೋಡ್. ಲಾತೂರ್ ರೋಡ್ ಎಂದರೆ ಲಾತೂರಲ್ಲ, ಲಾತೂರಿಗೆ ಅಲ್ಲಿಂದ ಇನ್ನೂ ದಾರಿ ಇದೆ, ನಂಬಿ ಇಳಿದವರು ಕೆಟ್ಟರು. ಅಲ್ಲಿಂದ ಮೇಲೆ ಘಾಟನಾಂದೂರ ದಾಟಿ ಪರಳಿ. ಗುರುವಿನ ತಖ್ತಿಗೆ ಹೊರಟವನು ದಾರಿಯಲ್ಲಿ ವೈಜನಾಥನ ಊರನ್ನೂ ನೋಡಿಕೊಂಡು ಹೋಗಲಿ ಎಂಬ ಸರ್ವಧರ್ಮ ಸಮಭಾವ ಇದರ ಹಿಂದೆ ಇರಬಹುದು. ನಂತರ ಗಂಗಾಖೇಡ. ಅಲ್ಲಿ ಗೋದಾವರಿ ಸಿಗುತ್ತಾಳೆ, ತಮ್ಮ ಊರಿನ ಗೋದಾವರಿಯೇ, ಆದರೆ ಬಹಳ ಮೇಲೆ. ನದಿ ಅಲ್ಲಿಂದ ಸೀದಾ ತಮ್ಮ ಕಡೆ ಹರಿಯುತ್ತದೆ. ಗಾಡಿ ಅದನ್ನು ದಾಟಿ ಪರಭಣಿಗೆ ಹೋಗುತ್ತದೆ. ಪರಭಣಿ ಮುಟ್ಟಿದ ಮೇಲೆ, ಇನ್ನೂ ಮೇಲೆ ಹೋದರೆ ವಿದರ್ಭ ಬಂದೀತೆಂಬ ಅರಿವಾಗಿ, ಪೂರ್ವಕ್ಕೆ ಮುಖ ಮಾಡಿ ಪೂರ್ಣಾ ದಾಟಿ ತಮ್ಮ ಸನ್ನಿಧಾನಕ್ಕೆ ಇಳಿಯುತ್ತದೆ. ಔರಾದ, ದೇಗಲೂರದ ಮೇಲೆ ಮೋಟಾರಿನವರು ಮೂರು ನಾಲ್ಕು ತಾಸಿನಲ್ಲಿ ಮುಗಿಸುವ ಕೆಲಸಕ್ಕೆ ಇಷ್ಟೊಂದು ಊರುಗಳ ಸಹಕಾರ ಪಡೆಯುವುದು ಸಣ್ಣ ಸಂಗತಿಯಲ್ಲ.

ಒಮ್ಮೆ ಈ ಗಾಡಿಯಲ್ಲಿ ನನ್ನ ಎದುರಿಗೆ ಪಂಜಾಬಿನ ಒಂದು ಕುಟುಂಬ ಕೂತಿತ್ತು. ನಮ್ಮ ಊರಿನ ಗುರುದ್ವಾರ ನಾನಕ್ ಝೀರಾದ ದರ್ಶನ ಮುಗಿಸಿ ತಮ್ಮಲ್ಲಿಗೆ ಹೊರಟಿದ್ದರು. ಬೋಗಿಯ ಮೇಲೆ ಹುಜೂರ್ ಸಾಹಿಬ್ ನಾಂದೇಡ್ ಎಂದು ಬರೆದಿತ್ತು, ನಂಬಿ ಹತ್ತಿದ್ದರು. ಭಾಲ್ಕಿ ದಾಟಿದ ಮೇಲೆ ಮನೆಯ ಯಜಮಾನರು ಮೊಬೈಲಿನಲ್ಲಿ ನಕಾಶೆ ತೆರೆದರು. ನೀಲಿ ಚುಕ್ಕೆ ಎಡಕ್ಕೆ ಸರಿಯುತ್ತಿತ್ತು, ನಾಂದೇಡ್ ಮೇಲೆ ಬಲಕ್ಕೆ ಇತ್ತು. ಬಹಳ ಹೊತ್ತು ನೋಡಿದರು. ಮೊಬೈಲನ್ನು ತಿರುಗಿಸಿ ನೋಡಿದರು. ಕೊನೆಗೆ ನನ್ನ ಕಡೆ ಬಾಗಿ, ಹೆಂಡತಿಗೆ ಕೇಳದ ಹಾಗೆ, “ಭಾಯೀಸಾಬ್, ಗಾಡಿ ಉಲ್ಟಾ ತೋ ನಹೀಂ ಜಾ ರಹೀ?” ಎಂದರು. ಉಲ್ಟಾ ಅಲ್ಲ, ಗಾಡಿ ಪ್ರದಕ್ಷಿಣೆ ಹಾಕುತ್ತಿದೆ ಎಂದೆ. ಪಾಪ, ಭಕ್ತರು, ತಲೆಯಾಡಿಸಿದರು. ಅವರ ಡಬ್ಬಿಯ ಪಿನ್ನಿ ನನಗೆ ಬಂತು, ನನ್ನ ಶೇಂಗಾ ಹೋಳಿಗೆ ಅವರಿಗೆ ಹೋಯಿತು. ಆಮೇಲೆ ನಡುವಿನ ಒಂದು ನಿಲ್ದಾಣದಲ್ಲಿ, ಹೆಸರು ಹೇಳಿ ಅವರ ಮರ್ಯಾದೆ ತೆಗೆಯುವುದು ಬೇಡ, ಎದುರಿನ ಗಾಡಿಗೆ ದಾರಿ ಬಿಡಲೆಂದು ನಾವು ನಿಂತೆವು. ಎದುರಿನ ಗಾಡಿಯ ಹಿಂದೆ ಒಂದು ಗೂಡ್ಸ್ ಬಂತು. ಗೂಡ್ಸ್ ಹೋದ ಮೇಲೂ ನಿಂತೇ ಇದ್ದೆವು, ಬಹುಶಃ ಅಭ್ಯಾಸಬಲದಿಂದ. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು, ಪಿನ್ನಿಯೂ ಮುಗಿದಿತ್ತು. ಸಚ್‌ಖಂಡಿನ ಹಾಗೆ ಬಕೆಟ್ ಹಿಡಿದು ಬರುವವರು ಈ ದಾರಿಯಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ತಿಳಿದ ಯಾತ್ರಿಕರು ನಮ್ಮಲ್ಲಿಗೆ ರೈಲಿನಲ್ಲಿ ಬರುವುದಿಲ್ಲ. ಎರಡು ಸಾವಿರ ಕಿಲೋಮೀಟರ್ ದೂರದಿಂದ ಹಳಿಯ ಮೇಲೆ ಬಂದವರು ತಮ್ಮ ಬಾಗಿಲಲ್ಲಿ ಇಳಿದು, ತಖ್ತಿಗೆ ಮತ್ಥಾ ಟೇಕಿ, ಬಸ್ಸು, ಜೀಪು ಹಿಡಿದು ನಾನಕ್ ಝೀರಾಕ್ಕೆ ಬರುತ್ತಾರೆ. ಕೆಮ್ಮಣ್ಣು ಕಲ್ಲಿನ ಗುಡ್ಡದಿಂದ ಗುರು ನಾನಕರು ಸಿಹಿನೀರು ಹರಿಸಿದರೆಂದು ನಂಬುವ ಜಾಗ ಅದು. ನೀರು ಇಂದಿಗೂ ಹರಿಯುತ್ತಿದೆ. ಯಾತ್ರಿಕರು ಕುಡಿಯುತ್ತಾರೆ, ಕ್ಯಾನುಗಳಲ್ಲಿ ತುಂಬಿಕೊಳ್ಳುತ್ತಾರೆ, ಲಂಗರಿನಲ್ಲಿ ಉಂಡು ಮತ್ತೆ ಬಸ್ಸು ಹತ್ತುತ್ತಾರೆ. ಅವರು ಬೀದರಿನ ಕೋಟೆ ನೋಡಲಿ, ಗವಾನನ ಮದರಸಾ ನೋಡಲಿ, ಒಂದು ಬಿದರಿ ಹೂಜಿ ಕೊಳ್ಳಲಿ ಎಂದು ಅಂಗಡಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಡ್ರೈವರ್ ಹಾರ್ನ್ ಬಾರಿಸುತ್ತಾನೆ, ತಮ್ಮ ಸಚ್‌ಖಂಡ್ ಬೆಳಿಗ್ಗೆ ಹೊರಡುತ್ತದಲ್ಲ.

ಹುಜೂರ್, ನಾವು ತಮ್ಮ ಬಾಗಿಲಿಗೆ ಬರಿಗೈಯಲ್ಲಿ ಬಂದವರಲ್ಲ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಕತ್ತಿ ಹಿರಿದು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಚಂದ್, ವೃತ್ತಿಯಲ್ಲಿ ಕ್ಷೌರಿಕರು. ಭಾಯಿ ಸಾಹಿಬ್ ಸಿಂಗ್ ಎಂದು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದರು. ನಮ್ಮ ಊರಿನಿಂದ ಪಂಜಾಬದ ಗುಡ್ಡದವರೆಗೆ ಆ ಕಾಲದಲ್ಲಿ ಒಬ್ಬ ಮನುಷ್ಯ ಹೋಗಿ ಮುಟ್ಟಬಲ್ಲವನಾಗಿದ್ದ ಎಂಬುದಷ್ಟನ್ನು ತಮ್ಮ ಗಮನಕ್ಕೆ ತರುತ್ತೇನೆ. ಮಾಯಿ ಭಾಗೋ ಇನ್ನೊಬ್ಬರು. ಮುಕ್ತಸರದ ಕಾಳಗದಲ್ಲಿ ಹೋರಾಡಿದ ಹೆಣ್ಣುಮಗಳು, ಗುರುಗಳ ಜತೆ ತಮ್ಮ ಊರಿನವರೆಗೆ ಬಂದವರು. ಗುರುಗಳು ಹೋದ ಮೇಲೆ ಇನ್ನೂ ದಕ್ಷಿಣಕ್ಕೆ ನಡೆದು ಬೀದರಿನ ಪಕ್ಕದ ಜನವಾಡಕ್ಕೆ ಬಂದು ನೆಲೆಸಿದರು, ಅಲ್ಲಿಯೇ ದೇಹ ಬಿಟ್ಟರು. ಜನವಾಡ ಇರುವುದು ಔರಾದ ರಸ್ತೆಯಲ್ಲಿ, ಅಂದರೆ ತಮ್ಮ ಊರಿನಿಂದ ಸೀದಾ ಬರುವ ದಾರಿಯಲ್ಲಿ. ಅವರು ಪರಭಣಿ, ಪರಳಿ, ಲಾತೂರ್ ರೋಡಿನ ಮೇಲೆ ಬಂದರೆಂದು ಯಾವ ಇತಿಹಾಸಕಾರನೂ ಬರೆದಿಲ್ಲ. ಸಂಶೋಧನೆಗೆ ಒಳ್ಳೆಯ ವಿಷಯ. ತಮ್ಮ ವಿಭಾಗದ ಎಂಜಿನಿಯರುಗಳು ಆ ಹೆಣ್ಣುಮಗಳು ಹಿಡಿದ ದಾರಿಯನ್ನು ಒಮ್ಮೆ ನಡೆದು ನೋಡಿದರೆ ಸರ್ವೆಯ ಖರ್ಚು ಉಳಿಯುತ್ತಿತ್ತು.

ಇನ್ನು ಮನೆತನದ ಮಾತು. ಒಂದು ಕಾಲಕ್ಕೆ ನಮ್ಮಿಬ್ಬರದೂ ಒಂದೇ ಮನೆ. ನಿಜಾಮರ ಕಾಲದಲ್ಲೂ ಒಂದೇ, ಅವರ ಆಳ್ವಿಕೆ ಮುಗಿದ ಮೇಲೆ ಹೈದರಾಬಾದ್ ರಾಜ್ಯದಲ್ಲೂ ಒಂದೇ. 1956ರ ನವೆಂಬರ್ 1ರಂದು ಪಾಲಾಯಿತು. ತಾವು ಮುಂಬೈ ರಾಜ್ಯಕ್ಕೆ, ನಾವು ಮೈಸೂರು ರಾಜ್ಯಕ್ಕೆ. ನಮ್ಮ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ತಮ್ಮ ಕಡೆಗೆ ಬಂದವು. ಕೊಟ್ಟದ್ದನ್ನು ಮರಳಿ ಕೇಳುವ ಜನ ನಾವಲ್ಲ. ಆದರೆ ರಾಜ್ಯಗಳು ಬೇರೆಯಾದರೂ ಹಳಿಯ ಒಡೆತನ ಬೇರೆಯಾಗಲಿಲ್ಲ. ತಾವು ದಕ್ಷಿಣ ಮಧ್ಯ ರೈಲ್ವೆಯ ನಾಂದೇಡ್ ವಿಭಾಗ, 2003ರ ಏಪ್ರಿಲ್‌ನಿಂದ ಸ್ವಂತ ಒಲೆ. ನಾವು ಅದೇ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗ. ಹೀಗಾಗಿ ತಾವೂ ನಾವೂ ನೆಗೆಣ್ಣಿಯರು, ಅತ್ತೆ ಸಿಕಂದರಾಬಾದಿನಲ್ಲಿ. ತಮ್ಮವರು ಮುಂಬೈಯ ಮಧ್ಯ ರೈಲ್ವೆಗೆ ಸೇರಿಸಿ ಎನ್ನುತ್ತಾರೆ, ನಮ್ಮವರು ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿಸಿ ಎನ್ನುತ್ತಾರೆ. ಇಬ್ಬರೂ ತವರಿನ ಕಡೆ ಮುಖ ಮಾಡಿ ಕೂತಿದ್ದೇವೆ, ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಇಷ್ಟು ಹತ್ತಿರದ ನೆಂಟರ ನಡುವೆ ಒಂದು ಸೀದಾ ಹಳಿ ಇಲ್ಲದಿರುವುದಕ್ಕೆ ರಾಜ್ಯದ ಗಡಿ ಕಾರಣ ಎಂದು ಯಾರಾದರೂ ಹೇಳಿದರೆ ತಾವು ದಯವಿಟ್ಟು ನಗಬಾರದು, ನಾನೂ ಕಷ್ಟಪಟ್ಟು ತಡೆದುಕೊಳ್ಳುತ್ತಿದ್ದೇನೆ.

ನಾಂದೇಡ್-ದೇಗಲೂರ-ಬೀದರ್ ಹೊಸ ಮಾರ್ಗದ ಸುದ್ದಿ ನಮಗೆ ತಲುಪಿಲ್ಲವೆಂದು ತಿಳಿಯಬೇಡಿ. ತಲುಪುತ್ತಲೇ ಇರುತ್ತದೆ. ಚುನಾವಣೆ ಬಂದಾಗ ಸರ್ವೆ, ಬಜೆಟ್ ಬಂದಾಗ ಮಂಜೂರಾತಿ, ಎರಡೂ ಇಲ್ಲದಾಗ ರಾಜ್ಯ ಸರ್ಕಾರಗಳ ಪಾಲಿನ ಹಣದ ಮಾತು. ಪತ್ರಿಕೆಯ ಪುಟದಲ್ಲಿ ಈ ಗಾಡಿ ಇಷ್ಟು ಸಲ ಓಡಾಡಿದೆ ಎಂದರೆ ಹಳಿ ಸವೆದು ಈಗ ಬದಲಿಸುವ ಹೊತ್ತಾಗಿದೆ. ನಾವು ಆತುರಗಾರರಲ್ಲ, ಹುಜೂರ್. ಬೀದರ್-ಕಲಬುರಗಿ ನಡುವಿನ 110 ಕಿಲೋಮೀಟರಿಗೆ ನಾವು ಸುಮಾರು ಎರಡು ದಶಕ ಕಾದವರು. 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿಯವರು ಬಂದು ಹಸಿರು ನಿಶಾನೆ ತೋರಿಸಿದಾಗ, ಮಾರ್ಗದ ಸುದ್ದಿಯನ್ನು ಮೊದಲು ಕೇಳಿದ್ದವರಲ್ಲಿ ಕೆಲವರು ಇರಲಿಲ್ಲ, ಆಗ ಹುಟ್ಟದೇ ಇದ್ದ ಕೆಲವರು ಮೀಸೆ ಬಿಟ್ಟುಕೊಂಡು ಕಿಟಕಿಯ ಸೀಟು ಹಿಡಿದಿದ್ದರು. ಅದೇ ವೇಗದಲ್ಲಿ ತಮ್ಮ ಮಾರ್ಗವೂ ಸಾಗಿದರೆ ಸಾಕು, ನಮ್ಮ ಮೊಮ್ಮಕ್ಕಳ ಪರವಾಗಿ ಈಗಲೇ ಧನ್ಯವಾದ ಹೇಳಿಬಿಡುತ್ತೇನೆ. ತತ್ಕಾಲ್‌ನಲ್ಲಿ ಮುಂಗಡ ಧನ್ಯವಾದ ತೆಗೆದುಕೊಳ್ಳುವ ಕೌಂಟರ್ ಇದ್ದರೆ ಅದಕ್ಕೂ ಹಣ ಕಟ್ಟುತ್ತೇನೆ.

ತಾವು ಮಾಡಲಾಗದ್ದು ಇಲ್ಲವೆಂದು ನಮಗೆ ಗೊತ್ತು. 2008ರಲ್ಲಿ ಗ್ರಂಥ ಸಾಹಿಬ್ ಗುರುಪಟ್ಟವೇರಿದ್ದಕ್ಕೆ ಮುನ್ನೂರು ವರ್ಷ ತುಂಬಿದಾಗ ತಮ್ಮ ಊರು ಗುರುತೇ ಸಿಗದಷ್ಟು ಬದಲಾಯಿತು. ರಸ್ತೆ ಅಗಲವಾದವು, ನದಿ ದಂಡೆ ಚೊಕ್ಕಟವಾಯಿತು, ವಿಮಾನ ನಿಲ್ದಾಣಕ್ಕೂ ಗುರುಗಳ ಹೆಸರು ಬಂತು. ಮುನ್ನೂರು ವರ್ಷದ ಹಬ್ಬಕ್ಕೆ ವಿಮಾನ ಇಳಿಸಬಲ್ಲವರು ಮುಂದಿನ ಶತಮಾನದ ಹಬ್ಬಕ್ಕಾದರೂ ಒಂದು ಡೆಮು ಗಾಡಿಯನ್ನು ಔರಾದಕ್ಕೆ ಕಳಿಸಬಲ್ಲರು. ನಾವು ಅಷ್ಟಕ್ಕೇ ತೃಪ್ತರು.

ನಡುವೆ ಕೆಲವು ಸಣ್ಣ ಬಿನ್ನಹಗಳು. ತಮ್ಮ ಬಳಗದ ಎಲ್ಲ ನಿಲ್ದಾಣಗಳಲ್ಲೂ ಗಾಡಿ ತಡವಾದಾಗ ಒಬ್ಬ ಹೆಣ್ಣುಮಗಳು ಮೈಕಿನಲ್ಲಿ “ಅಸುವಿಧಾ ಕೇ ಲಿಯೇ ಹಮೇಂ ಖೇದ್ ಹೈ” ಎನ್ನುತ್ತಾಳೆ. ಆ ಧ್ವನಿಯಲ್ಲಿರುವ ವಿನಯಕ್ಕೆ ನಾವು ಸೋತಿದ್ದೇವೆ. ಆದರೆ ಖೇದ ಇರುವುದು ತಡವಾದದ್ದಕ್ಕೆ ಮಾತ್ರ. ಗಾಡಿಯೇ ಇಲ್ಲದ ದಾರಿಯ ಬಗ್ಗೆ ಯಾರೂ ಮೈಕ್ ಹಿಡಿಯುವುದಿಲ್ಲ. ದಿನಕ್ಕೊಮ್ಮೆ, ಸಚ್‌ಖಂಡ್ ಹೊರಟ ಮೇಲೆ ಪ್ಲಾಟ್‌ಫಾರ್ಮ್ ತಣ್ಣಗಿರುವ ಹೊತ್ತಿನಲ್ಲಿ, ದೇಗಲೂರ ಮಾರ್ಗವಾಗಿ ಬೀದರಿಗೆ ಹೋಗುವ ಗಾಡಿ ಅನಿಶ್ಚಿತ ಕಾಲದವರೆಗೆ ತಡವಾಗಿದೆ, ಖೇದ ಹೈ, ಎಂದು ಹೇಳಿಸಬೇಕಾಗಿ ವಿನಂತಿ. ಬಜೆಟ್ಟಿನಲ್ಲಿ ಅದಕ್ಕೆ ಖರ್ಚು ಬೀಳುವುದಿಲ್ಲ. ನಮ್ಮ ಕಡೆಯ ಯಾರಾದರೂ ಅಲ್ಲಿ ಕೂತಿದ್ದರೆ, ನಮ್ಮನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಚಹಾ ಕುಡಿದು ಬರುತ್ತಾರೆ.

ಇನ್ನೊಂದು. ಬೆಂಗಳೂರಿನಿಂದ ಬರುವ ನಮ್ಮ ಗಾಡಿಯ ಪ್ರಯಾಣಿಕರಿಗೆ ಪರಳಿಯಲ್ಲೋ ಪರಭಣಿಯಲ್ಲೋ ಒಂದು ಹೊತ್ತು ಲಂಗರ್ ಇಡಲು ದಾರಿಯವರನ್ನು ಕೇಳಿಕೊಳ್ಳುವ ಹಾಗಿದ್ದರೆ ಕೇಳಿಕೊಳ್ಳಿ. ರೈಲ್ವೆ ಊಟ ಕೊಡಲಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ತಿಳಿವಳಿಕೆ ಇಲ್ಲದವನಲ್ಲ. ಇಷ್ಟು ಉದ್ದದ ದಾರಿಯನ್ನು ತಾವು ಹಾಕಿಕೊಟ್ಟಮೇಲೆ ಹಸಿವು ನಮಗೆ ತಾನಾಗಿ ಬರುತ್ತದೆ.

ತಪ್ಪು ಮಾತು ಆಡಿದ್ದರೆ ಮಾಫಿ ಇರಲಿ. ಸೀದಾ ಹಳಿ ಆದ ದಿನ ಮೊದಲ ಗಾಡಿಗೆ ನಾನೇ ಝೀರಾದ ನೀರು ತಂದು ಎಂಜಿನ್ನಿಗೆ ಚಿಮುಕಿಸುತ್ತೇನೆ, ಪುಂಡಿ ಪಲ್ಯ, ಜೋಳದ ರೊಟ್ಟಿ ಕಟ್ಟಿಕೊಂಡು ಬಂದು ತಮ್ಮ ಸ್ಟೇಷನ್ ಮಾಸ್ತರರಿಗೆ ಉಣ್ಣಿಸುತ್ತೇನೆ. ಅಲ್ಲಿಯವರೆಗೆ ತಾವು ಈ ಅರ್ಜಿಗೆ ಉತ್ತರ ಬರೆಸುವ ಕೃಪೆ ಮಾಡಿದರೆ ಅದನ್ನು ರೈಲಿನಲ್ಲಿ ಕಳಿಸುವ ತೊಂದರೆ ತೆಗೆದುಕೊಳ್ಳಬಾರದು. ಔರಾದ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಚಹಾಕ್ಕೆ ಹತ್ತು ರೂಪಾಯಿ ಕೊಡಿ. ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಸಿದುಕೊಳ್ಳುತ್ತೇನೆ.

ತಮ್ಮ ಆಜ್ಞಾಧಾರಕನಾದ,
ಬೀದರಿನ ಒಬ್ಬ ಪ್ರಯಾಣಿಕ
(ಭಾಲ್ಕಿ, ಉದಗೀರ, ಲಾತೂರ್ ರೋಡ್, ಪರಳಿ, ಪರಭಣಿ, ಪೂರ್ಣಾ ಮಾರ್ಗವಾಗಿ)